ಕಡಿಮೆ ದುಡ್ಡಿನಲ್ಲಿ ಟೋಕಿಯೋ: ವೀಸಾದಿಂದ ವಾಪಸ್ ವಿಮಾನದವರೆಗೆ

ಟೋಕಿಯೋಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಮೂರೇ ಪ್ರಶ್ನೆ ಕೇಳುತ್ತಾರೆ. ತುಂಬಾ ದುಬಾರಿ ಅಲ್ವಾ? ನಮ್ಮಂಥವರಿಗೆ ಊಟ ಸಿಗುತ್ತಾ? ಅಷ್ಟು ಜನರ ಮಧ್ಯೆ ದಾರಿ ತಪ್ಪಿದರೆ ಏನು ಮಾಡೋದು? ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ದುಬಾರಿ ಅನ್ನೋ ಮಾತಿಗೆ ಮೊದಲು ಉತ್ತರ. 100 ಯೆನ್ ಅಂದರೆ ಈಚಿನ ವರ್ಷಗಳಲ್ಲಿ ಸುಮಾರು 55ರಿಂದ 60 ರೂಪಾಯಿ. ಒಬ್ಬರಿಗೆ ಮಲಗಲು, ತಿನ್ನಲು, ಓಡಾಡಲು ಸೇರಿ ದಿನಕ್ಕೆ ಸುಮಾರು 8,000 ಯೆನ್ ಇಟ್ಟುಕೊಂಡರೆ ನಡೆಯುತ್ತದೆ. ಬೆಂಗಳೂರಿನಲ್ಲಿ ಒಂದು ವೀಕೆಂಡ್ ಮಾಲಿಗೆ ಹೋಗಿ ಬರುವವರಿಗೆ ಇದು ಭಯಪಡುವ ಮೊತ್ತ ಅಲ್ಲ. ಆದರೆ ಟೋಕಿಯೋದಲ್ಲಿ ಗಲಿಬಿಲಿಗೊಂಡರೆ ಮಾತ್ರ ಕೈ ಸುಡುತ್ತದೆ. ತಪ್ಪು ಟಿಕೆಟ್, ತಪ್ಪಿದ ಕೊನೇ ರೈಲು, ಹಸಿದ ಹೊಟ್ಟೆಯಲ್ಲಿ ಸಿಕ್ಕ ಹೋಟೆಲಿಗೆ ನುಗ್ಗುವುದು, ದುಡ್ಡು ಸೋರುವುದು ಇಲ್ಲೇ. ಆದ್ದರಿಂದ ಈ ಲೇಖನದ ಅರ್ಧ ಭಾಗ ರೈಲು ಮತ್ತು ಊಟದ ಬಗ್ಗೆಯೇ ಇದೆ.

1. ಯಾವಾಗ ಹೋಗಬೇಕು

ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಸಕುರಾ, ಅಂದರೆ ಚೆರ್ರಿ ಹೂವಿನ ಕಾಲ. ಚೆನ್ನಾಗಿರುತ್ತದೆ, ಸುಳ್ಳಲ್ಲ. ಆದರೆ ಲೋಕವೇ ಅಲ್ಲಿಗೆ ಬಂದಿರುತ್ತದೆ, ರೂಮಿನ ಬಾಡಿಗೆ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ತನಕ ಗೋಲ್ಡನ್ ವೀಕ್, ಜಪಾನಿನವರಿಗೇ ಸಾಲು ಸಾಲು ರಜೆ. ಆಗಸ್ಟ್ ಮಧ್ಯದಲ್ಲಿ ಓಬೋನ್, ಇದು ಹಿರಿಯರನ್ನು ನೆನೆಯುವ ಹಬ್ಬ, ನಮ್ಮ ಪಿತೃಪಕ್ಷದ ಹಾಗೆ ಅಂದುಕೊಳ್ಳಿ. ಆಗ ಎಲ್ಲರೂ ಊರಿಗೆ ಹೊರಟಿರುತ್ತಾರೆ. ಈ ಮೂರನ್ನೂ ತಪ್ಪಿಸಿ.

ದುಡ್ಡು ಉಳಿಸಬೇಕು ಅಂದರೆ ಜನವರಿ ಮಧ್ಯದಿಂದ ಫೆಬ್ರವರಿ ಒಳ್ಳೆಯದು. ಚಳಿ ಇದೆ, ಆದರೆ ಆಕಾಶ ತಿಳಿಯಾಗಿರುತ್ತದೆ, ದೂರದ ಫ್ಯೂಜಿ ಬೆಟ್ಟ ಕಾಣುವುದು ಈ ತಿಂಗಳುಗಳಲ್ಲೇ ಜಾಸ್ತಿ. ಜೂನ್ ಕೂಡ ಅಗ್ಗ, ಆದರೆ ಮಳೆಗಾಲ. ಜುಲೈ, ಆಗಸ್ಟಿನ ಸೆಕೆ ನಮ್ಮ ಮಂಗಳೂರಿನ ಸೆಕೆಗೆ ಏನೂ ಕಡಿಮೆ ಇಲ್ಲ. ಬೆಂಗಳೂರಿನವರಿಗೆ ಅದನ್ನು ತಡೆಯಲಾಗದು.

ವಿಮಾನದ ವಿಷಯ ಬೇಗ ಮುಗಿಸುತ್ತೇನೆ. ಬೆಂಗಳೂರಿನಿಂದ ಟೋಕಿಯೋದ ನರೀಟಾ ಏರ್‌ಪೋರ್ಟಿಗೆ ಜಪಾನ್ ಏರ್‌ಲೈನ್ಸ್ ನೇರ ವಿಮಾನ ಇದೆ. ಸಾಮಾನ್ಯವಾಗಿ ಅದಕ್ಕಿಂತ ಬ್ಯಾಂಕಾಕ್, ಕ್ವಾಲಾಲಂಪುರ, ಸಿಂಗಪುರದ ಮೇಲೆ ಹೋಗುವುದು ಅಗ್ಗ. ಹಾಗೆ ಹೋಗುವಾಗ ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ಬುಕ್ ಮಾಡಬೇಡಿ. ಮೊದಲನೇ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಜವಾಬ್ದಾರಿ ಹೊರುವುದಿಲ್ಲ. ಮಧ್ಯದ ದೇಶದಲ್ಲಿ ಬ್ಯಾಗ್ ಬಿಡಿಸಿಕೊಂಡು ಮತ್ತೆ ಹಾಕಬೇಕಾದರೆ ಆ ದೇಶದ ವೀಸಾ ಪ್ರಶ್ನೆಯೂ ಬರುತ್ತದೆ. ಒಂದೇ ಟಿಕೆಟ್ ನಂಬರಿನಲ್ಲಿ ಎರಡೂ ವಿಮಾನ ಇರಲಿ.

2. ವೀಸಾ ಮತ್ತು ಕಾಗದ

ಭಾರತೀಯರಿಗೆ ವೀಸಾ ಬೇಕು. ಅರ್ಜಿಯನ್ನು ವಿಎಫ್‌ಎಸ್ ಕೇಂದ್ರದ ಮೂಲಕ ಹಾಕಬೇಕು. 2024ರ ಏಪ್ರಿಲ್‌ನಿಂದ ಪ್ರವಾಸಿಗಳಿಗೆ ಇ-ವೀಸಾ ಬಂದಿದೆ, ಪಾಸ್‌ಪೋರ್ಟಿನಲ್ಲಿ ಚೀಟಿ ಅಂಟಿಸುವುದಿಲ್ಲ. ಅರ್ಜಿ, ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ವಿಮಾನ ಮತ್ತು ರೂಮಿನ ಬುಕಿಂಗ್ ಇವೆಲ್ಲ ಇದ್ದದ್ದೇ. ಇವುಗಳ ಜೊತೆ ದಿನಚರಿ ಕೇಳುತ್ತಾರೆ. ಯಾವ ತಾರೀಕು ಎಲ್ಲಿ ಇರುತ್ತೀರಿ, ಎಲ್ಲಿ ಮಲಗುತ್ತೀರಿ ಅಂತ ಒಂದೊಂದು ದಿನಕ್ಕೂ ಒಂದು ಸಾಲು. "ಟೋಕಿಯೋ ಸುತ್ತಾಟ" ಅಂತ ಏಳು ಸಲ ಬರೆದು ಕೊಡಬೇಡಿ. 12ನೇ ತಾರೀಕು ಅಸಾಕುಸ, 13 ಉಯೆನೋ ಅಂತ ಜಾಗದ ಹೆಸರು ಬರೆಯಿರಿ. ದುಡ್ಡು ವಾಪಸ್ ಸಿಗುವ ಹಾಗೆ ರೂಮ್ ಬುಕ್ ಮಾಡಿ ಅದನ್ನೇ ತೋರಿಸಿ, ವೀಸಾ ಬಂದ ಮೇಲೆ ಬದಲಾಯಿಸಿಕೊಂಡರಾಯಿತು.

ಎಚ್ಚರಿಕೆ: ಇ-ವೀಸಾವನ್ನು ಫೋನಿನಲ್ಲಿ ಇಂಟರ್‌ನೆಟ್ ಮೂಲಕ ಆ ಕ್ಷಣದಲ್ಲೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್ ಆಗದು, ಪಿಡಿಎಫ್ ಆಗದು, ಪ್ರಿಂಟ್ ಆಗದು. ನಾವು ಎಲ್ಲದಕ್ಕೂ ಜೆರಾಕ್ಸ್ ಇಟ್ಟುಕೊಳ್ಳುವ ಜನ, ಇದನ್ನು ನಂಬುವುದೇ ಇಲ್ಲ. ಹಾಗಾಗಿ ಫೋನ್ ಚಾರ್ಜ್ ಇರಲಿ, ಇಳಿದ ಕೂಡಲೇ ನೆಟ್ ಇರಲಿ. ಹೊರಡುವ ಮೊದಲೇ ಇ-ಸಿಮ್ ಹಾಕಿಕೊಂಡರೆ ಸುಲಭ. ಇ-ಸಿಮ್ ಅಂದರೆ ಫೋನಿಗೆ ಬೇರೆ ಕಾರ್ಡ್ ತೂರಿಸದೆ ಕ್ಯೂಆರ್ ಕೋಡ್ ಮೂಲಕ ಬರುವ ಸಿಮ್. ನಿಮ್ಮ ಫೋನಿಗೆ ಅದು ಹೊಂದುತ್ತದೋ ಇಲ್ಲವೋ ಊರಲ್ಲೇ ನೋಡಿಕೊಳ್ಳಿ.

ವಿಸಿಟ್ ಜಪಾನ್ ವೆಬ್ ಅನ್ನುವ ಸರ್ಕಾರಿ ತಾಣದಲ್ಲಿ ಇಮಿಗ್ರೇಷನ್, ಕಸ್ಟಮ್ಸ್ ವಿವರ ತುಂಬಿದರೆ ಕ್ಯೂಆರ್ ಕೋಡ್ ಕೊಡುತ್ತದೆ. ಹೊರಡುವ ಹಿಂದಿನ ದಿನ ಮನೆಯಲ್ಲೇ ಮಾಡಿ ಮುಗಿಸಿ. ಇನ್ನೊಂದು ಮಾತು, ಜಪಾನಿನಲ್ಲಿ ಪ್ರವಾಸಿಗಳು ಪಾಸ್‌ಪೋರ್ಟನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು, ಅದು ಅಲ್ಲಿನ ಕಾನೂನು. ರೂಮಿನಲ್ಲಿ ಬೀಗ ಹಾಕಿ ಇಟ್ಟು ಬರಬೇಡಿ.

3. ಬ್ಯಾಗಿಗೆ ಏನು ಹಾಕಬೇಕು, ಏನು ಹಾಕಬಾರದು

ನಾಲ್ಕು ದಿನದ ಬಟ್ಟೆ ಸಾಕು. ಹಾಸ್ಟೆಲ್ಲುಗಳಲ್ಲಿ ನಾಣ್ಯ ಹಾಕುವ ವಾಷಿಂಗ್ ಮಷೀನ್ ಇರುತ್ತದೆ. ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಟೋಕಿಯೋ ರೈಲು ಹತ್ತುವುದು ಶತ್ರುವಿಗೂ ಬೇಡ. ಲಿಫ್ಟ್ ಇರುತ್ತದೆ, ಆದರೆ ನೀವು ಹೊರಗೆ ಬರಬೇಕಾದ ಬಾಗಿಲಿನಿಂದ ಅರ್ಧ ಕಿಲೋಮೀಟರ್ ಆಚೆ ಇರುತ್ತದೆ.

ಊರಿನಿಂದ ಗೊಜ್ಜವಲಕ್ಕಿ ಮಿಕ್ಸ್, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಚಟ್ನಿಪುಡಿ ತನ್ನಿ. ಬಹಳಷ್ಟು ರೂಮು, ಹಾಸ್ಟೆಲ್ಲುಗಳಲ್ಲಿ ಬಿಸಿನೀರಿನ ಕೆಟಲ್ ಇರುತ್ತದೆ. ತರಬಾರದ್ದು: ಮಾಂಸದ ಯಾವ ಪದಾರ್ಥವೂ, ಹಸಿ ಹಣ್ಣು, ತರಕಾರಿ, ಕರಿಬೇವು, ಕಾಳು, ಅಕ್ಕಿ. ಬೇಸಿಗೆಯಲ್ಲಿ ಹೋಗುವವರು ನೆಂಟರಿಗೆ ಅಂತ ಮಾವಿನಹಣ್ಣು ಇಟ್ಟುಕೊಂಡು ಹೋದರೆ ಅದು ಏರ್‌ಪೋರ್ಟಿನ ಬುಟ್ಟಿಗೇ ಹೋಗುತ್ತದೆ.

ಔಷಧಿ ವಿಷಯದಲ್ಲಿ ಜಪಾನ್ ಬಹಳ ಕಟ್ಟುನಿಟ್ಟು. ನಮ್ಮಲ್ಲಿ ಮಾಮೂಲಾಗಿ ಸಿಗುವ ನೆಗಡಿ ಮಾತ್ರೆಗಳಲ್ಲಿ ಇರುವ ಸೂಡೋಎಫಿಡ್ರಿನ್ 10 ಶೇಕಡಾಕ್ಕಿಂತ ಹೆಚ್ಚಿದ್ದರೆ ಅಲ್ಲಿಗೆ ಒಯ್ಯುವಂತಿಲ್ಲ. ಕೋಡೀನ್ ಇರುವ ಕೆಮ್ಮಿನ ಸಿರಪ್ಪೂ ಬೇಡ. ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿಗೆ ಆಗುವಷ್ಟನ್ನು ಡಾಕ್ಟರ್ ಚೀಟಿ ಜೊತೆ ಇಟ್ಟುಕೊಳ್ಳಿ.

ಅಲ್ಲಿನ ಕರೆಂಟ್ 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ಫೋನ್ ಚಾರ್ಜರಿಗೆ ಒಂದು ಅಡಾಪ್ಟರ್ ಸಾಕು. ಮನೆಯ ಪುಟ್ಟ ರೈಸ್ ಕುಕ್ಕರ್ ಹೊತ್ತೊಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ, ಆ ವೋಲ್ಟಿನಲ್ಲಿ ಅನ್ನ ಬೇಯುವ ಹೊತ್ತಿಗೆ ನಿಮ್ಮ ರಜೆ ಮುಗಿದಿರುತ್ತದೆ.

4. ಎಲ್ಲಿ ಉಳಿಯಬೇಕು

ಟೋಕಿಯೋ ಅಂದರೆ ಒಂದು ಊರಲ್ಲ. ಸುತ್ತಲಿನ ಜಿಲ್ಲೆಗಳನ್ನೂ ಸೇರಿಸಿದರೆ ಸುಮಾರು 3.7 ಕೋಟಿ ಜನ, ಅಂದರೆ ಕರ್ನಾಟಕದ ಅರ್ಧಕ್ಕಿಂತ ಹೆಚ್ಚು ಜನ ಒಂದೇ ಕಡೆ. ನಕ್ಷೆಯಲ್ಲಿ ಹತ್ತಿರ ಕಂಡದ್ದು ರೈಲಿನಲ್ಲಿ ಮುಕ್ಕಾಲು ಗಂಟೆ ಆಗಬಹುದು. ರೂಮ್ ಹುಡುಕುವಾಗ ಬಾಡಿಗೆಗಿಂತ ಮೊದಲು ಎರಡು ವಿಷಯ ನೋಡಿ. ಯಾವ ಸ್ಟೇಷನ್ ಹತ್ತಿರ? ಆ ಸ್ಟೇಷನ್ ಯಾವ ಕಂಪನಿಯದು? ಎರಡನೆಯದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನನ್ನ ಆಯ್ಕೆ ಪೂರ್ವ ಭಾಗದ ಅಸಾಕುಸ, ಕುರಾಮಾಯೆ, ಉಯೆನೋ. ಶಿಂಜುಕು, ಶಿಬುಯಾಗಿಂತ ಇಲ್ಲಿ ಬಾಡಿಗೆ ಕಡಿಮೆ, ಅಸಾಕುಸ, ಕುರಾಮಾಯೆಗೆ ನರೀಟಾ, ಹನೇಡಾ ಎರಡೂ ಏರ್‌ಪೋರ್ಟಿನಿಂದ ನೇರ ರೈಲು ಇದೆ, ಸಂಜೆ ಆದ ಮೇಲೆ ಓಣಿಗಳು ಶಾಂತ. ಇನ್ನೂ ಅಗ್ಗ ಬೇಕಾದರೆ ಮಿನಾಮಿ-ಸೆಂಜು ಕಡೆ ನೋಡಿ. ಅದು ಒಂದು ಕಾಲದಲ್ಲಿ ದಿನಗೂಲಿ ಕೆಲಸಗಾರರು ಉಳಿಯುತ್ತಿದ್ದ ಪ್ರದೇಶ, ಆ ಹಳೇ ಲಾಡ್ಜುಗಳಲ್ಲಿ ಕೆಲವು ಈಗ ಪ್ರವಾಸಿಗಳ ಹಾಸ್ಟೆಲ್ ಆಗಿವೆ. ರೂಮು ಇಕ್ಕಟ್ಟು, ಸ್ವಚ್ಛ.

ಜಾಗದ ಬಗೆಗಳು: ಹಾಸ್ಟೆಲ್ ಅಂದರೆ ಹಲವರು ಮಲಗುವ ಕೋಣೆಯಲ್ಲಿ ಒಂದು ಮಂಚ, ಪರದೆ, ಲಾಕರ್. ಕ್ಯಾಪ್ಸೂಲ್ ಅಂದರೆ ಮಲಗುವಷ್ಟೇ ಅಗಲದ ಗೂಡು. ನಮ್ಮ ಸ್ಲೀಪರ್ ಬಸ್ಸಿನ ಬರ್ತ್ ನೆನೆಸಿಕೊಳ್ಳಿ, ಕುಳಿತರೆ ತಲೆ ತಾಗದಷ್ಟು ಎತ್ತರ. ಕ್ಯಾಪ್ಸೂಲುಗಳಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಮಹಡಿ, ಕೆಲವು ಕಡೆ ಗಂಡಸರಿಗೆ ಮಾತ್ರ. ಗಂಡ ಹೆಂಡತಿ ಹೋಗುವುದಾದರೆ ಬಿಸಿನೆಸ್ ಹೋಟೆಲ್ ನೋಡಿ. ಹೆಸರು ದೊಡ್ಡದು, ಒಳಗೆ ಸೂಟ್‌ಕೇಸ್ ಬಿಚ್ಚಿದರೆ ಕಾಲಿಡಲು ಜಾಗ ಇರುವುದಿಲ್ಲ. ಹಾಸ್ಟೆಲ್ ಮಂಚ 3,500ರಿಂದ 5,000 ಯೆನ್ ಒಳಗೆ ಸಿಗುತ್ತದೆ.

ಎಚ್ಚರಿಕೆ: ಜಪಾನಿನಲ್ಲಿ ಬಾಡಿಗೆಯನ್ನು ತಲೆ ಲೆಕ್ಕದಲ್ಲಿ ಹಾಕುವುದು ಮಾಮೂಲು. ಒಬ್ಬರಿಗೆ ಅಂತ ಬುಕ್ ಮಾಡಿ ಇಬ್ಬರು ಹೋಗಿ ನಿಂತು, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ಅಲ್ಲಿ ನಡೆಯದು. ಮಕ್ಕಳಿದ್ದರೆ ಅವರನ್ನೂ ಸೇರಿಸಿ ಬುಕ್ ಮಾಡಿ. ಚೆಕ್-ಇನ್ ಮಧ್ಯಾಹ್ನ 3 ಗಂಟೆ ಮೇಲೆ. ಮೊದಲೇ ಬಂದರೆ ಬ್ಯಾಗ್ ಇಟ್ಟುಕೊಳ್ಳುತ್ತಾರೆ, ರೂಮ್ ಕೊಡುವುದಿಲ್ಲ.

5. ಏರ್‌ಪೋರ್ಟಿನಿಂದ ಊರೊಳಗೆ

ಹನೇಡಾ ಊರಿನ ಪಕ್ಕದಲ್ಲೇ ಇದೆ. ನರೀಟಾ ಸುಮಾರು 60 ಕಿಲೋಮೀಟರ್ ದೂರ. ಹನೇಡಾದಿಂದ ಕೇಕ್ಯು ರೈಲು ಹಿಡಿದರೆ ಸಾವಿರ ಯೆನ್ ಒಳಗೆ ಅಸಾಕುಸ ತಲುಪಬಹುದು.

ನರೀಟಾದಲ್ಲಿ ಹುಷಾರಾಗಿರಿ. ಇಳಿದ ಕೂಡಲೇ ಕಣ್ಣಿಗೆ ಬೀಳುವುದು ನರೀಟಾ ಎಕ್ಸ್‌ಪ್ರೆಸ್ ಮತ್ತು ಸ್ಕೈಲೈನರ್ ಬೋರ್ಡು. ಎರಡೂ ಸೀಟು ಕಾದಿರಿಸುವ ವೇಗದ ರೈಲು, ಒಂದು 3,000 ಯೆನ್ ದಾಟುತ್ತದೆ, ಇನ್ನೊಂದು ಸುಮಾರು 2,500. ಅದೇ ಕೆಳಮಹಡಿಯಲ್ಲಿ ಕೇಸೇ ಕಂಪನಿಯ ಆಕ್ಸೆಸ್ ಎಕ್ಸ್‌ಪ್ರೆಸ್ ಅನ್ನುವ ಮಾಮೂಲು ರೈಲೂ ಇದೆ. ಸುಮಾರು 1,400 ಯೆನ್, ಒಂದು ಗಂಟೆಯಲ್ಲಿ ನೇರ ಅಸಾಕುಸ. ಸೀಟು ಕಾದಿರಿಸುವ ಗೋಜಿಲ್ಲ, ಕಾರ್ಡ್ ತಾಗಿಸಿ ಹತ್ತಿದರಾಯಿತು. ಟೋಕಿಯೋ ಸ್ಟೇಷನ್ ಕಡೆ ಹೋಗುವವರಿಗೆ 1,500 ಯೆನ್ ಆಸುಪಾಸಿನ ಬಸ್ಸೂ ಇದೆ. ಟ್ಯಾಕ್ಸಿ ಕಡೆ ಮುಖ ಹಾಕಬೇಡಿ, 20,000 ಯೆನ್ ಮೇಲೆ ಆಗುತ್ತದೆ.

ರಾತ್ರಿ 11ರ ನಂತರ ಇಳಿಯುವ ವಿಮಾನ ಅಗ್ಗ ಅಂತ ಹಿಡಿದರೆ ರೈಲು ನಿಂತಿರುತ್ತದೆ. ಏರ್‌ಪೋರ್ಟ್ ಬೆಂಚಿನ ಮೇಲೆ ಮಲಗಲು ತಯಾರಿದ್ದರೆ ಮಾತ್ರ ಅಂಥ ಟಿಕೆಟ್ ತೆಗೆದುಕೊಳ್ಳಿ.

6. ರೈಲು: ಇದೊಂದನ್ನು ನಿಧಾನವಾಗಿ ಓದಿ

ಬೆಂಗಳೂರಿನಲ್ಲಿ ಮೆಟ್ರೋ ಅಂದರೆ ಒಂದೇ. ಟೋಕಿಯೋದಲ್ಲಿ ರೈಲು ಓಡಿಸುವ ಕಂಪನಿಗಳು ಹಲವು. ನಿಮಗೆ ಮುಖ್ಯವಾದವು ಮೂರು. ಮೊದಲನೆಯದು ಜೆಆರ್, ಅಂದರೆ ಜಪಾನ್ ರೈಲ್ವೇಸ್. ಊರ ಸುತ್ತ ಉಂಗುರದ ಹಾಗೆ ಓಡುವ ಯಮನೋತೆ ಲೈನ್ ಇವರದು, 30 ಸ್ಟೇಷನ್, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಎರಡನೆಯದು ಟೋಕಿಯೋ ಮೆಟ್ರೋ, ನೆಲದಡಿಯ 9 ಲೈನ್. ಮೂರನೆಯದು ತೋಯೆ, ಇದೂ ನೆಲದಡಿಯದೇ, 4 ಲೈನ್, ಇದನ್ನು ನಗರಾಡಳಿತ ನಡೆಸುತ್ತದೆ.

ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಸಾಮಾನ್ಯವಾಗಿ ದರ ಮತ್ತೆ ಮೊದಲಿನಿಂದ ಶುರು. ಆಟೋ ಬದಲಾಯಿಸಿದಾಗ ಮಿನಿಮಮ್ ಮತ್ತೆ ಕೊಡುತ್ತೀರಲ್ಲ, ಹಾಗೆ. ಗೂಗಲ್ ಮ್ಯಾಪ್ ತೋರಿಸುವ ಮೊದಲ ದಾರಿ ಮೂರು ನಿಮಿಷ ಬೇಗ ಇರಬಹುದು, ಆದರೆ ಎರಡು ಕಂಪನಿ ದಾಟಿಸಿ ದುಡ್ಡು ಜಾಸ್ತಿ ಕೀಳುತ್ತದೆ. ಕೆಳಗಿನ ದಾರಿಗಳ ದರವನ್ನೂ ನೋಡಿ ಹೊರಡಿ.

ಈಗ ಏನು ಕೊಳ್ಳಬೇಕು ಅಂತ ನೋಡೋಣ. ಮೊದಲು ಒಂದು ಐಸಿ ಕಾರ್ಡ್. ಇದು ದುಡ್ಡು ತುಂಬಿಸಿ ಗೇಟಿಗೆ ತಾಗಿಸುವ ಕಾರ್ಡ್. ಸುಯಿಕಾ, ಪಾಸ್ಮೊ ಅನ್ನುವ ಹೆಸರಿನಲ್ಲಿ ಬರುತ್ತದೆ, ಯಾವುದಾದರೂ ಎಲ್ಲ ಕಂಪನಿಗೂ ಆಗುತ್ತದೆ, ಅಂಗಡಿಯಲ್ಲೂ ಆಗುತ್ತದೆ. ಪ್ರವಾಸಿಗಳಿಗೆ ಅಂತಲೇ ಇರುವ ವೆಲ್ಕಮ್ ಸುಯಿಕಾ 28 ದಿನ ನಡೆಯುತ್ತದೆ, ಅದಕ್ಕೆ ಡಿಪಾಸಿಟ್ ಇಲ್ಲ, ಆದರೆ ಉಳಿದ ದುಡ್ಡು ವಾಪಸ್ಸೂ ಇಲ್ಲ. ತುಂಬಿಸುವ ಯಂತ್ರಗಳಲ್ಲಿ ಹೆಚ್ಚಿನವು ನೋಟನ್ನೇ ಕೇಳುತ್ತವೆ. ಒಂದೇ ಸಲ 10,000 ತುಂಬಿಸಬೇಡಿ, ಎರಡೆರಡು ಸಾವಿರ ಹಾಕುತ್ತಾ ಹೋಗಿ.

ಎರಡನೆಯದು ಟೋಕಿಯೋ ಸಬ್‌ವೇ ಟಿಕೆಟ್. 24, 48, 72 ಗಂಟೆಯವು ಇವೆ. ಟೋಕಿಯೋ ಮೆಟ್ರೋ ಮತ್ತು ತೋಯೆ ಸೇರಿ 13 ಲೈನಿನಲ್ಲಿ ಎಷ್ಟು ಸಲ ಬೇಕಾದರೂ ಓಡಾಡಬಹುದು. ದಿನಕ್ಕೆ ನಾಲ್ಕೈದು ಸಲ ಹತ್ತಿ ಇಳಿಯುವವರಿಗೆ ಲಾಭ. ಇದರಲ್ಲಿ ಇರುವ ಒಳ್ಳೆಯ ವಿಷಯ ಏನೆಂದರೆ ಲೆಕ್ಕ ಗಂಟೆಯದು, ತಾರೀಖಿನದಲ್ಲ. ಮಂಗಳವಾರ ಬೆಳಿಗ್ಗೆ 11ಕ್ಕೆ ಮೊದಲ ಸಲ ಹಾಕಿದರೆ 72 ಗಂಟೆಯದು ಶುಕ್ರವಾರ ಬೆಳಿಗ್ಗೆ 11ರ ತನಕ. ಆದ್ದರಿಂದ ಬಂದಿಳಿದ ರಾತ್ರಿಯೇ ಶುರು ಮಾಡಬೇಡಿ.

ಜನ ಬೀಳುವ ಹಳ್ಳ ಇಲ್ಲೇ ಇದೆ. ಈ ಟಿಕೆಟ್ ಜೆಆರ್ ಗೇಟಿನಲ್ಲಿ ನಡೆಯುವುದಿಲ್ಲ. ಯಮನೋತೆ ಹತ್ತಲು ಹೋದರೆ ಗೇಟ್ ಮುಚ್ಚಿಕೊಂಡು ಕುಂಯ್ ಅನ್ನುತ್ತದೆ, ಹಿಂದಿನ ಇಪ್ಪತ್ತು ಜನ ನಿಲ್ಲುತ್ತಾರೆ. ಅದಕ್ಕೇ ನಾನು ರೂಮಿನ ಹತ್ತಿರದ ಸ್ಟೇಷನ್ ಯಾವ ಕಂಪನಿಯದು ಅಂತ ಮೊದಲೇ ನೋಡಿ ಅಂದದ್ದು. ರೂಮ್ ಜೆಆರ್ ಸ್ಟೇಷನ್ ಪಕ್ಕ ಇದ್ದು ಕೈಯಲ್ಲಿ ಸಬ್‌ವೇ ಟಿಕೆಟ್ ಇದ್ದರೆ ದಿನಾ ಎರಡೂ ಕಡೆ ದುಡ್ಡು ಕೊಡುತ್ತೀರಿ.

ಜೆಆರ್ ಪಾಸ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಇಡೀ ದೇಶ ಸುತ್ತುವವರಿಗೆ. 2023ರ ಅಕ್ಟೋಬರ್‌ನಲ್ಲಿ 7 ದಿನದ ಪಾಸ್ 29,650ರಿಂದ 50,000 ಯೆನ್‌ಗೆ ಏರಿತು. ಟೋಕಿಯೋ ಒಂದೇ ನೋಡುವವರು ಅದನ್ನು ಕೊಂಡರೆ ದುಡ್ಡು ನೀರಿಗೆ ಹಾಕಿದ ಹಾಗೆ. ಹಳೇ ಲೇಖನಗಳಲ್ಲಿ "ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಅಂತ ಬರೆದಿರುತ್ತಾರೆ, ಅದು ಹಳೇ ದರದ ಮಾತು.

ಇನ್ನು ಜನಜಂಗುಳಿ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ತನಕ ರೈಲು ಹತ್ತಬೇಡಿ. ಹತ್ತಲೇಬೇಕಾದರೆ ಬ್ಯಾಗನ್ನು ಎದೆ ಮೇಲೆ ಹಾಕಿಕೊಳ್ಳಿ. ಹೆಂಗಸರಿಗೆ ಅಂತ ಬೇರೆ ಬೋಗಿ ಇರುವ ಲೈನುಗಳಿವೆ, ಪ್ಲಾಟ್‌ಫಾರ್ಮ್ ನೆಲದ ಮೇಲೆ ಗುಲಾಬಿ ಬಣ್ಣದ ಗುರುತು ಇರುತ್ತದೆ. ಗಂಡಸರು ಆ ಸಾಲಿನಲ್ಲಿ ನಿಂತುಬಿಟ್ಟೀರಿ, ಜೋಕೆ. ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಿ. ರೈಲಿನೊಳಗೆ ಫೋನಿನಲ್ಲಿ ಮಾತಾಡುವುದಿಲ್ಲ, ಮನೆಯಿಂದ ವಿಡಿಯೋ ಕಾಲ್ ಬಂದರೆ ಇಳಿದ ಮೇಲೆ ಮಾಡಿ.

ದಾರಿ ತಪ್ಪುವುದು ರೈಲಿನಲ್ಲಲ್ಲ, ಸ್ಟೇಷನ್ನಿನಲ್ಲಿ. ಶಿಂಜುಕು ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ಸ್ಟೇಷನ್ ಅಂತ ಗಿನ್ನೆಸ್ ದಾಖಲೆಯಲ್ಲಿದೆ. ಕೋವಿಡ್‌ಗೆ ಮೊದಲು ದಿನಕ್ಕೆ ಸುಮಾರು 35 ಲಕ್ಷ ಜನದ ಲೆಕ್ಕ, 200ಕ್ಕೂ ಹೆಚ್ಚು ಬಾಗಿಲು. ನಾನು ಮೊದಲ ದಿನ ಪಶ್ಚಿಮದ ಬದಲು ಪೂರ್ವದ ಬಾಗಿಲಲ್ಲಿ ಹೊರಬಂದು, ಎದುರಿಗೇ ಕಾಣುತ್ತಿದ್ದ ಕಟ್ಟಡ ತಲುಪಲು ಮುಕ್ಕಾಲು ಗಂಟೆ ತೆಗೆದುಕೊಂಡೆ. ಮ್ಯಾಪಿನಲ್ಲಿ ಎ5, ಬಿ3 ಅಂತ ಬಾಗಿಲಿನ ನಂಬರ್ ಕೊಟ್ಟಿರುತ್ತದೆ. ಸ್ಟೇಷನ್ ಹೆಸರಿನಷ್ಟೇ ಅದೂ ಮುಖ್ಯ. ಪ್ಲಾಟ್‌ಫಾರ್ಮಿನಲ್ಲೇ ಹಳದಿ ಬೋರ್ಡು ನೋಡಿಕೊಂಡು, ಆ ನಂಬರನ್ನೇ ಹಿಂಬಾಲಿಸಿ. ಅಸಾಕುಸದಲ್ಲಿ ಇನ್ನೊಂದು ತಮಾಷೆ. ಅದೇ ಹೆಸರಿನ ಸ್ಟೇಷನ್ನುಗಳು ಒಂದಕ್ಕಿಂತ ಹೆಚ್ಚಿವೆ, ತ್ಸುಕುಬಾ ಎಕ್ಸ್‌ಪ್ರೆಸ್‌ನದು ಉಳಿದವುಗಳಿಂದ ನಡೆಯುವಷ್ಟು ದೂರದಲ್ಲಿದೆ.

ಕೊನೇ ರೈಲು ಮಧ್ಯರಾತ್ರಿ ಹೊತ್ತಿಗೆ. ಆಮೇಲೆ ಬೆಳಿಗ್ಗೆ 5ರ ತನಕ ಏನೂ ಇಲ್ಲ. ಟ್ಯಾಕ್ಸಿ ಹಿಡಿದರೆ ಎರಡು ದಿನದ ಊಟದ ದುಡ್ಡು ಮೀಟರಿಗೆ ಹೋಗುತ್ತದೆ. 11 ಗಂಟೆಗೆ ಅಲಾರಂ ಇಟ್ಟುಕೊಳ್ಳಿ.

7. ನಗದು

ಎಲ್ಲ ಕಡೆ ಕಾರ್ಡ್ ನಡೆಯುತ್ತದೆ ಅಂದುಕೊಂಡು ಹೋಗಬೇಡಿ. ದೇವಸ್ಥಾನ, ಸಣ್ಣ ಹೋಟೆಲ್, ಲಾಕರ್, ವಾಷಿಂಗ್ ಮಷೀನ್ ಎಲ್ಲಕ್ಕೂ ನಾಣ್ಯ ಬೇಕಾಗುತ್ತದೆ. ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂನಲ್ಲಿ ವಿದೇಶಿ ಕಾರ್ಡ್ ನಡೆಯುತ್ತದೆ. ಹೊರಡುವ ಮೊದಲು ನಿಮ್ಮ ಬ್ಯಾಂಕ್ ಆ್ಯಪಿನಲ್ಲಿ ವಿದೇಶಿ ಬಳಕೆ ಆನ್ ಮಾಡಿ. ಎಷ್ಟೋ ಜನ ಅಲ್ಲಿ ಹೋಗಿ ಎಟಿಎಂ ಮುಂದೆ ನಿಂತು ಊರಿಗೆ ಫೋನ್ ಮಾಡುತ್ತಾರೆ. ಯಂತ್ರ ಅಥವಾ ಅಂಗಡಿ "ರೂಪಾಯಿಯಲ್ಲಿ ಕಡಿತ ಮಾಡಲೇ?" ಅಂತ ಕೇಳಿದರೆ ಬೇಡ ಅನ್ನಿ, ಯೆನ್ ಆರಿಸಿ. ರೂಪಾಯಿ ಆರಿಸಿದರೆ ಅವರು ಹೇಳಿದ್ದೇ ದರ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಮೇಜಿನ ಮೇಲೆ ಚಿಲ್ಲರೆ ಬಿಟ್ಟು ಬಂದರೆ ನೀವು ಮರೆತಿದ್ದೀರಿ ಅಂತ ಹಿಂದೆಯೇ ಓಡಿ ಬಂದು ಕೊಡುತ್ತಾರೆ.

8. ಊಟ

ಮಾಂಸ ತಿನ್ನುವವರಿಗೆ ಟೋಕಿಯೋ ಸ್ವರ್ಗ. ಯೋಶಿನೋಯಾ, ಸುಕಿಯಾ, ಮಾತ್ಸುಯಾ ಅನ್ನುವ ಚೈನ್ ಹೋಟೆಲುಗಳಲ್ಲಿ 500 ಯೆನ್ ಆಸುಪಾಸಿಗೆ ಬಟ್ಟಲು ತುಂಬ ಅನ್ನ, ಮೇಲೆ ದನದ ಮಾಂಸ. ಬಹಳ ಕಡೆ ಬಾಗಿಲಲ್ಲೇ ಟಿಕೆಟ್ ಯಂತ್ರ ಇರುತ್ತದೆ. ಮೊದಲು ದುಡ್ಡು ಹಾಕಿ, ಆಮೇಲೆ ಚಿತ್ರದ ಬಟನ್ ಒತ್ತಿ, ಚೀಟಿ ತೆಗೆದುಕೊಂಡು ಒಳಗೆ ಕೊಡಿ. ಹಳೇ ಯಂತ್ರಗಳಲ್ಲಿ ಚಿಲ್ಲರೆ ತಾನಾಗಿ ಬೀಳುವುದಿಲ್ಲ, ಪಕ್ಕದ ಹಿಡಿ ತಿರುಗಿಸಬೇಕು. ಚೀಟಿ ಸಿಕ್ಕ ಖುಷಿಯಲ್ಲಿ ಅದನ್ನು ಮರೆಯಬೇಡಿ.

ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ನಾನೂ ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ. ಕಷ್ಟದ ಹೆಸರು ದಾಶಿ. ಒಣಗಿಸಿದ ಮೀನಿನಿಂದ ತೆಗೆದ ತಿಳಿಸಾರು ಅದು. ನಮ್ಮ ಅಡುಗೆಗೆ ಒಗ್ಗರಣೆ ಇದ್ದ ಹಾಗೆ ಅವರ ಅಡುಗೆಗೆ ದಾಶಿ. ಉದೋನ್, ಸೋಬಾ ಶಾವಿಗೆ, ಮಿಸೋ ಸೂಪು, ತರಕಾರಿ ಬಜ್ಜಿಯ ಹಾಗಿರುವ ತೆಂಪುರಾದ ಜೊತೆ ಕೊಡುವ ಸಾರು, ಎಲ್ಲದರಲ್ಲೂ ಇರುತ್ತದೆ. "ವೆಜಿಟೇರಿಯನ್" ಅಂದರೆ ಮಾಂಸದ ತುಂಡು ಎತ್ತಿಟ್ಟು ಅದೇ ಸಾರು ಕೊಡುತ್ತಾರೆ, ಅವರ ಪ್ರಕಾರ ಅದು ಸರಿಯೇ. ಹಾಗಾಗಿ "ಮಾಂಸ, ಮೀನು, ಮೀನಿನ ಸಾರು ತಿನ್ನುವುದಿಲ್ಲ" ಅಂತ ಜಪಾನಿ ಭಾಷೆಯಲ್ಲಿ ಬರೆಸಿದ ಚಿತ್ರ ಫೋನಿನಲ್ಲಿ ಇಟ್ಟುಕೊಳ್ಳಿ.

ನನಗೆ ಕೆಲಸಕ್ಕೆ ಬಂದ ದಾರಿಗಳು ಇವು. ಒಂದು, ಕೋನ್ಬಿನಿ. ಸೆವೆನ್-ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಅನ್ನುವ 24 ಗಂಟೆಯ ಅಂಗಡಿಗಳಿಗೆ ಅಲ್ಲಿನವರು ಹೇಳುವ ಹೆಸರು ಅದು. ಅಲ್ಲಿ ಓನಿಗಿರಿ ಸಿಗುತ್ತದೆ, ತ್ರಿಕೋನದ ಅನ್ನದ ಉಂಡೆ, 200 ಯೆನ್ ಒಳಗೆ. ಉಪ್ಪು ಮಾತ್ರ ಹಾಕಿದ್ದನ್ನು ಶಿಯೋ ಅನ್ನುತ್ತಾರೆ, ಅದು ನಮಗೆ ಸರಿ. ಉಮೆ ಅಂದರೆ ಹುಳಿ ಉಪ್ಪಿನಕಾಯಿ, ನಮ್ಮ ನಾಲಿಗೆಗೆ ಹಿಡಿಸುತ್ತದೆ, ಆದರೆ ಕೆಲವದರಲ್ಲಿ ಮೀನಿನ ಸತ್ವ ಸೇರಿಸಿರುತ್ತಾರೆ, ಗೂಗಲ್ ಟ್ರಾನ್ಸ್‌ಲೇಟ್ ಕ್ಯಾಮೆರಾ ಹಿಡಿದು ನೋಡಿ. ಓನಿಗಿರಿ ಬಿಚ್ಚುವುದಕ್ಕೂ ಕ್ರಮ ಇದೆ. ಪ್ಲಾಸ್ಟಿಕ್ಕಿನ ಮೇಲೆ 1, 2, 3 ಅಂತ ಬರೆದಿರುತ್ತದೆ. 1ರ ಪಟ್ಟಿಯನ್ನು ತುದಿಯಿಂದ ಕೆಳಗೆ ಎಳೆದು ಹಿಂಬದಿ ತನಕ ತೆಗೆಯಿರಿ, ಆಮೇಲೆ 2ರ ಮೂಲೆ ಬಲಕ್ಕೆ, 3ರ ಮೂಲೆ ಎಡಕ್ಕೆ. ಒಳಗಿನ ಕಡಲಪಾಚಿಯ ಹಾಳೆ ಎರಡು ಪ್ಲಾಸ್ಟಿಕ್ಕಿನ ಮಧ್ಯೆ ಇರುತ್ತದೆ, ಅನ್ನಕ್ಕೆ ತಾಗುವುದು ಈಗಲೇ, ಅದಕ್ಕೇ ಹಪ್ಪಳದ ಹಾಗೆ ಗರಿಗರಿ. ಸುಮ್ನೆ ಹರಿದರೆ ಹಾಳೆ ಪ್ಲಾಸ್ಟಿಕ್ಕಿನಲ್ಲೇ ಉಳಿದು ಬರೀ ಅನ್ನ ಕೈಗೆ ಬರುತ್ತದೆ. ನನಗೆ ಮೂರನೇ ದಿನಕ್ಕೆ ಕೈ ಪಳಗಿತು.

ಎರಡು, ಟೋಕಿಯೋ ಸ್ಟೇಷನ್ನಿನೊಳಗಿನ ಟೀಸ್ ತಾನ್‌ತಾನ್ ಹೋಟೆಲ್. ಸಂಪೂರ್ಣ ಸಸ್ಯಾಹಾರಿ ರಾಮೆನ್, ಅಂದರೆ ಸಾರಿನಲ್ಲಿ ಹಾಕಿದ ಶಾವಿಗೆ, ಎಳ್ಳಿನ ಗಟ್ಟಿ ಸಾರು. ಆದರೆ ಅದು ಜೆಆರ್ ಗೇಟಿನ ಒಳಗಿದೆ. ಸಬ್‌ವೇ ಟಿಕೆಟಿನಲ್ಲಿ ಹೋದರೆ ಹೊರಗೇ ನಿಲ್ಲುತ್ತೀರಿ, ಜೆಆರ್‌ನಲ್ಲಿ ಬಂದು ಇಳಿಯುವ ದಿನ ಅಲ್ಲಿ ಊಟ ಇಟ್ಟುಕೊಳ್ಳಿ.

ಮೂರು, ಇಂಡಿಯನ್ ಹೋಟೆಲುಗಳು. ಗಲ್ಲಿ ಗಲ್ಲಿಯಲ್ಲಿವೆ, ನಡೆಸುವವರು ಹೆಚ್ಚಾಗಿ ನೇಪಾಳದವರು, ಹಿಂದಿ ಬಂದರೆ ಕೆಲಸ ಆಯಿತು. ಮಧ್ಯಾಹ್ನದ ಸೆಟ್ ಸುಮಾರು 1,000 ಯೆನ್, ತಟ್ಟೆಯಿಂದ ಹೊರಗೆ ನೇತಾಡುವಷ್ಟು ದೊಡ್ಡ ನಾನ್. ರಾತ್ರಿ ಅದೇ ಊಟ ದುಬಾರಿ. ಇಡ್ಲಿ ದೋಸೆ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ತೋಝಾಯ್ ಲೈನಿನ ನಿಶಿ-ಕಸಾಯ್‌ಗೆ ಹೋಗಿ. ಅಲ್ಲಿ ಐಟಿ ಕೆಲಸದ ಭಾರತೀಯ ಕುಟುಂಬಗಳು ಬಹಳ, ಕನ್ನಡ ಕಿವಿಗೆ ಬಿದ್ದರೂ ಆಶ್ಚರ್ಯವಿಲ್ಲ. ಬೆಳಿಗ್ಗೆ ಹೊತ್ತಲ್ಲಿ ಮಾತ್ರ ಆ ಲೈನ್ ಬೇಡ, ನೂಕುನುಗ್ಗಲಿಗೆ ಹೆಸರುವಾಸಿ.

ಸೂಪರ್‌ಮಾರ್ಕೆಟ್ಟುಗಳಲ್ಲಿ ಸಂಜೆ 7ರ ಮೇಲೆ ತಯಾರಿ ಊಟದ ಡಬ್ಬಿಗಳಿಗೆ ರಿಯಾಯಿತಿ ಸ್ಟಿಕ್ಕರ್ ಅಂಟಿಸುತ್ತಾ ಬರುತ್ತಾರೆ. ಮೊದಲು 20 ಶೇಕಡಾ, ಮುಚ್ಚುವ ಹೊತ್ತಿಗೆ ಹಂಗಾಕು, ಅಂದರೆ ಅರ್ಧ ಬೆಲೆ. ಸ್ಟಿಕ್ಕರ್ ಹಿಡಿದ ಹುಡುಗನ ಹಿಂದೆ ಅಜ್ಜಿಯರು ಬುಟ್ಟಿ ಹಿಡಿದು ನಿಧಾನ ಸುಳಿದಾಡುತ್ತಿರುತ್ತಾರೆ. ನೀವೂ ಸೇರಿಕೊಳ್ಳಿ, ನಾಚಿಕೆ ಯಾಕೆ?

ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳಿ. ಇಝಕಾಯಾ ಅನ್ನುವ ಬಾರುಗಳಲ್ಲಿ ಕುಳಿತ ಕೂಡಲೇ ಕೇಳದೆ ಒಂದು ಚಿಕ್ಕ ಬಟ್ಟಲು ಬರುತ್ತದೆ. ಅದು ಪುಕ್ಕಟೆ ಅಲ್ಲ. ಓತೋಶಿ ಅಂತ ಅದರ ಹೆಸರು, ಕುಳಿತಿದ್ದಕ್ಕೆ 300ರಿಂದ 500 ಯೆನ್ ಬಿಲ್ಲಿಗೆ ಸೇರುತ್ತದೆ. ಕಾಬುಕಿಚೋ, ರೊಪ್ಪೋಂಗಿ ಕಡೆ ರಸ್ತೆಯಲ್ಲಿ ನಿಂತು "ಬನ್ನಿ, ಅಗ್ಗ" ಅಂತ ಕರೆಯುವವರ ಹಿಂದೆ ಯಾವ ಕಾರಣಕ್ಕೂ ಹೋಗಬೇಡಿ. ಒಳಗೆ ಹೋದ ಮೇಲೆ ಬಿಲ್ಲು ಅವರು ಬರೆದಷ್ಟು.

9. ದುಡ್ಡು ಕೊಡದೆ ನೋಡುವುದು

ಶಿಂಜುಕುವಿನ ಟೋಕಿಯೋ ಸರ್ಕಾರದ ಕಟ್ಟಡದಲ್ಲಿ 45ನೇ ಮಹಡಿಗೆ ಲಿಫ್ಟಿನಲ್ಲಿ ಕರೆದೊಯ್ಯುತ್ತಾರೆ. 202 ಮೀಟರ್ ಎತ್ತರ, ಪೂರ್ತಿ ಉಚಿತ. ತೋಯೆ ಕಂಪನಿಯ ತೋಚೋಮಾಯೆ ಸ್ಟೇಷನ್ ಪಕ್ಕದಲ್ಲೇ ಇದೆ, ಸಬ್‌ವೇ ಟಿಕೆಟ್ ಸಾಕು. 634 ಮೀಟರಿನ ಸ್ಕೈಟ್ರೀ ಗೋಪುರ ಹತ್ತಲು ಸಾವಿರಗಟ್ಟಲೆ ಯೆನ್ ಕೊಡುವ ಮೊದಲು ಇಲ್ಲಿಗೆ ಹೋಗಿ ನೋಡಿ. ಮೇಲೆ ಹೋದ ಮೇಲೆ ಸ್ಕೈಟ್ರೀ ನೋಡಬೇಕು ಅನ್ನಿಸಿದರೆ ನಿಮ್ಮಿಷ್ಟ, ನನಗೆ ಅನ್ನಿಸಲಿಲ್ಲ.

ಅಸಾಕುಸದ ಸೆನ್ಸೋಜಿ ದೇವಾಲಯಕ್ಕೆ ಬೆಳಿಗ್ಗೆ ಆರೂವರೆಗೆ ಹೋಗಿ. ಹತ್ತು ಗಂಟೆಗೆ ಅದೇ ಜಾಗದಲ್ಲಿ ಮೊಣಕೈ ತಾಗದೆ ನಡೆಯಲು ಆಗುವುದಿಲ್ಲ. ಮೆಯಿಜಿ ಜಿಂಗು ದೇಗುಲ ಸೂರ್ಯೋದಯಕ್ಕೆ ತೆರೆಯುತ್ತದೆ, ಊರ ನಡುವೆ ಕಾಡು. ಅರಮನೆಯ ಪೂರ್ವ ತೋಟ ಉಚಿತ, ಸೋಮವಾರ, ಶುಕ್ರವಾರ ರಜೆ. ಶಿಬುಯಾ ಕ್ರಾಸಿಂಗ್ ದಾಟಲು ಯಾರೂ ದುಡ್ಡು ಕೇಳುವುದಿಲ್ಲ, ಮಳೆ ಬಂದ ಸಂಜೆ ಹೋದರೆ ಛತ್ರಿಗಳ ಹೊಳೆ ನೋಡಬಹುದು.

ನಮ್ಮವರು ಹೆಚ್ಚಾಗಿ ನೋಡದ ಒಂದು ಜಾಗ ರೆಂಕೋಜಿ. ಸುಗಿನಾಮಿ ಅನ್ನುವ ವಸತಿ ಪ್ರದೇಶದಲ್ಲಿರುವ ಸಣ್ಣ ಬೌದ್ಧ ದೇವಾಲಯ. ಸುಭಾಷ್‌ಚಂದ್ರ ಬೋಸರದು ಅಂತ ಹೇಳುವ ಚಿತಾಭಸ್ಮವನ್ನು 1945ರಿಂದ ಅಲ್ಲಿ ಕಾಪಾಡಿದ್ದಾರೆ, ಅಂಗಳದಲ್ಲಿ ಅವರ ಪ್ರತಿಮೆ ಇದೆ. ಮರುನೋಉಚಿ ಲೈನಿನ ಹಿಗಾಶಿ-ಕೋಎಂಜಿಯಲ್ಲಿ ಇಳಿದು ನಡೆಯಬೇಕು. ಸುತ್ತ ಮನೆಗಳು, ಜೋರಾಗಿ ಮಾತಾಡಬೇಡಿ.

ದಿನಕ್ಕೆ ಅಕ್ಕಪಕ್ಕದ ಎರಡು ಮೂರು ಬಡಾವಣೆ ಸಾಕು. ಅಸಾಕುಸ, ಉಯೆನೋ, ಯನಕಾ ಒಂದು ದಿನ, ಶಿಂಜುಕು, ಹರಾಜುಕು, ಶಿಬುಯಾ ಇನ್ನೊಂದು ದಿನ. ಬೆಳಿಗ್ಗೆ ಪೂರ್ವ, ಮಧ್ಯಾಹ್ನ ಪಶ್ಚಿಮ, ಸಂಜೆ ಮತ್ತೆ ಪೂರ್ವ ಅಂತ ಓಡಿದರೆ ನೋಡುವುದು ಸುರಂಗವನ್ನೇ. ಅಲ್ಲಿ ದಿನಕ್ಕೆ 20,000 ಹೆಜ್ಜೆ ಮಾಮೂಲು, ಹೊಸ ಶೂ ಹಾಕಿಕೊಂಡು ಹೋಗಬೇಡಿ. ರಸ್ತೆಯಲ್ಲಿ ಕಸದ ಬುಟ್ಟಿ ಇರುವುದಿಲ್ಲ, ಒಂದು ಪ್ಲಾಸ್ಟಿಕ್ ಚೀಲ ಜೇಬಿನಲ್ಲಿರಲಿ. ಸಾರ್ವಜನಿಕ ಶೌಚಾಲಯ ಮಾತ್ರ ಎಲ್ಲೆಡೆ ಇದೆ, ಉಚಿತ.

ಏನಾದರೂ ಕಳೆದುಹೋದರೆ ಕೋಬಾನ್‌ಗೆ ಹೋಗಿ, ಮೂಲೆ ಮೂಲೆಯಲ್ಲಿರುವ ಪುಟ್ಟ ಪೊಲೀಸ್ ಚೌಕಿ ಅದು. ರೈಲಿನಲ್ಲಿ ಬಿಟ್ಟಿದ್ದರೆ ಸ್ಟೇಷನ್ನಿನಲ್ಲೇ ಹೇಳಿ. ಸಿಗುವ ಸಾಧ್ಯತೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ.

10. ಹೊರಡುವ ದಿನ

ರೂಮ್ ಖಾಲಿ ಮಾಡುವ ಸಮಯ ಸಾಮಾನ್ಯವಾಗಿ ಬೆಳಿಗ್ಗೆ 10 ಅಥವಾ 11. ವಿಮಾನ ರಾತ್ರಿ ಇದ್ದರೆ ಬ್ಯಾಗನ್ನು ಹೋಟೆಲಿನಲ್ಲೇ ಬಿಡಿ, ಕೇಳಿದರೆ ಇಟ್ಟುಕೊಳ್ಳುತ್ತಾರೆ. ಸ್ಟೇಷನ್ ಲಾಕರಿಗೆ ದೊಡ್ಡ ಬ್ಯಾಗ್ ಹಾಕಲು 700 ಯೆನ್ ಮೇಲಾಗುತ್ತದೆ, ಬೆಳಿಗ್ಗೆ ಹತ್ತರ ಹೊತ್ತಿಗೆ ದೊಡ್ಡವೆಲ್ಲ ತುಂಬಿರುತ್ತವೆ. ನರೀಟಾದಿಂದ ಹೊರಡುವವರು ಊರೊಳಗಿಂದ ನಾಲ್ಕೂವರೆ ಗಂಟೆ ಮೊದಲೇ ಹೊರಡಿ, ಟರ್ಮಿನಲ್ ನಂಬರ್ ಮೊದಲೇ ನೋಡಿಕೊಳ್ಳಿ. ಅಗ್ಗದ ವಿಮಾನಗಳ ಟರ್ಮಿನಲ್ 3ಕ್ಕೆ ರೈಲು ಹೋಗುವುದಿಲ್ಲ, ಟರ್ಮಿನಲ್ 2ರಲ್ಲಿ ಇಳಿದು ನಡೆಯಬೇಕು.

ನಾಣ್ಯಗಳನ್ನು ಊರಿಗೆ ತಂದರೆ ಯಾರೂ ಬದಲಾಯಿಸಿ ಕೊಡುವುದಿಲ್ಲ. 500 ಯೆನ್ ನಾಣ್ಯ ಒಂದೇ ಸುಮಾರು 280 ರೂಪಾಯಿ. ಉಳಿದ ನಾಣ್ಯವನ್ನೆಲ್ಲ ಏರ್‌ಪೋರ್ಟಿನ ಕೋನ್ಬಿನಿಯಲ್ಲಿ ಕೌಂಟರ್ ಮೇಲೆ ಸುರಿದು, ವೆಲ್ಕಮ್ ಸುಯಿಕಾದಲ್ಲಿ ಉಳಿದದ್ದನ್ನೂ ಸೇರಿಸಿ, ಓನಿಗಿರಿ ತೆಗೆದುಕೊಳ್ಳಿ. ವಿಮಾನದಲ್ಲಿ ತಿನ್ನಲಾದರೂ ಆಗುತ್ತದೆ.